ಲ್ಯಾಪ್‌ಟಾಪಿಗೆ ಜೋತುಬಿದ್ದವರು

ಯಾವ ಯಂತ್ರವೂ ಮನೆಗೆ ಒಂಟಿಯಾಗಿ ಬರುವುದಿಲ್ಲ. ಮಿಕ್ಸಿ ಬಂದರೆ ಅದರ ಹಿಂದೆ ಮೂರು ಜಾರು ಬರುತ್ತವೆ. ಗ್ಯಾಸ್ ಒಲೆ ಬಂದರೆ ಸಿಲಿಂಡರು, ರೆಗ್ಯುಲೇಟರು, ಲೈಟರು, ಎಲ್ಲೋ ಇಟ್ಟು ಮರೆಯುವುದಕ್ಕೆಂದೇ ಒಂದು ಪಾಸ್‌ಬುಕ್ಕು ಬರುತ್ತದೆ. ಆದರೆ ಲ್ಯಾಪ್‌ಟಾಪು ಬಂದ ದಿನ ಬಹಳ ಸಭ್ಯವಾಗಿರುತ್ತದೆ. ಒಂದು ಚೀಲ, ಒಂದು ಚಾರ್ಜರ್, ಅಷ್ಟೇ. ಹೊಸದಾಗಿ ಬಂದ ಸೊಸೆಯ ಹಾಗೆ ಮೇಜಿನ ಮೂಲೆಯಲ್ಲಿ ತಲೆತಗ್ಗಿಸಿ ಕೂತಿರುತ್ತದೆ.

ಆರು ತಿಂಗಳು ಕಳೆಯಲಿ, ಆಗ ನೋಡಬೇಕು ಅದರ ಸಂಸಾರವನ್ನು. ಬೆರಳಿನಲ್ಲಿ ಸವರುವುದು ಕಷ್ಟವೆಂದು ಒಂದು ಮೌಸು. ಮೌಸಿಗೆ ವೈರು ಬೇಡವೆಂದು ಕಡಲೆಕಾಳಿನಷ್ಟು ಒಂದು ತುಂಡು. ಮಗಳ ಮದುವೆಯ ವಿಡಿಯೋ ಇರುವ ಪೆನ್‌ಡ್ರೈವು, ಫೋಟೋ ತುಂಬಿಟ್ಟ ಹೊರಗಿನ ಹಾರ್ಡ್ ಡಿಸ್ಕು, ಪ್ರಿಂಟರು. ಚಾರ್ಜು ಮಾಡಲು ಸಿಕ್ಕಿಸಿದ ಯಜಮಾನರ ಫೋನು. ಇಷ್ಟಕ್ಕೆಲ್ಲ ಕಿಂಡಿ ಸಾಲದೆಂದು ಒಂದು ಕಿಂಡಿಯನ್ನು ನಾಲ್ಕು ಮಾಡುವ ಹಬ್ಬು. ಒಬ್ಬರ ಸಂಬಳಕ್ಕೆ ಊರಿನ ನೆಂಟರೆಲ್ಲ ಜೋತುಬಿದ್ದಂತೆ ಆ ಬಡಪಾಯಿಗೆ ಸುತ್ತಲಿಂದಲೂ ಜೋತುಬಿದ್ದಿರುತ್ತಾರೆ. ಹಾಗಿದ್ದೂ ಅದು ದುಡಿಯುತ್ತಲೇ ಇರುತ್ತದೆ. ಒಂದು ದಿನ ಬೆಳಗ್ಗೆ ಮಾತ್ರ ಏಳುವುದಿಲ್ಲ.

ಏಳದಿರುವುದರಲ್ಲಿಯೂ ಬಗೆಗಳಿವೆ. ಗುಂಡಿ ಒತ್ತಿದರೆ ದೀಪ ಹತ್ತುತ್ತದೆ, ಒಳಗೆ ಫ್ಯಾನು ತಿರುಗುವ ಸದ್ದೂ ಬರುತ್ತದೆ, ತೆರೆಯ ಮೇಲೆ ಕಂಪನಿಯ ಹೆಸರು ಮೂಡುತ್ತದೆ. ಆಮೇಲೆ ಗಂಟೆ ಕಳೆದರೂ ಅದೇ ಹೆಸರು. ಇಲ್ಲವೇ ಪೂರ್ತಿ ಕಪ್ಪು ತೆರೆ, ಅದರ ಮೂಲೆಯಲ್ಲಿ ಮಿಣುಕುವ ಒಂದು ಗೆರೆ. ಇನ್ನೂ ಗಾಬರಿ ಹುಟ್ಟಿಸುವುದೆಂದರೆ ಕಪ್ಪು ತೆರೆಯ ಮೇಲೆ ಬಿಳಿ ಇಂಗ್ಲಿಷ್ ಅಕ್ಷರಗಳು. 'ನೋ ಬೂಟಬಲ್ ಡಿವೈಸ್' ಎಂದೋ 'ಆಪರೇಟಿಂಗ್ ಸಿಸ್ಟಂ ನಾಟ್ ಫೌಂಡ್' ಎಂದೋ ಅದು ಬರೆದು ತೋರಿಸಿದಾಗ ಎಂಥವರ ಎದೆಯೂ ಧಸಕ್ಕೆನ್ನುತ್ತದೆ.

ಆ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಕೇಳಿಬರುವ ಮಾತು ಎರಡೇ. ಮೊದಲನೆಯದು ಯಜಮಾನರದು: "ನೀನು ಏನು ಒತ್ತಿದೆ?" ಯಂತ್ರ ಕೆಟ್ಟರೆ ಅದನ್ನು ಕೊನೆಗೆ ಮುಟ್ಟಿದವರು ಹೆಂಗಸರೇ ಆಗಿರಬೇಕೆಂಬುದು ಅವರ ದೃಢವಾದ ನಂಬಿಕೆ. ಎರಡನೆಯದು ಬೆಂಗಳೂರಿನಲ್ಲೋ ಪುಣೆಯಲ್ಲೋ ಇರುವ ಮಗ ಫೋನಿನಲ್ಲಿ ಹೇಳುವುದು: "ಅಮ್ಮ, ನೀನು ಏನೂ ಮುಟ್ಟಬೇಡ. ನಾನು ಬಂದಾಗ ನೋಡ್ತೀನಿ." ಪಾಪ, ಪ್ರೀತಿಯಿಂದಲೇ ಹೇಳುತ್ತಾನೆ. ಆದರೆ ಅವನು ಬರುವುದು ಗೌರಿಹಬ್ಬಕ್ಕೆ. ಪಿಂಚಣಿಯ ಅರ್ಜಿಗೆ, ಮಗುವಿನ ಪರೀಕ್ಷೆಯ ಶುಲ್ಕಕ್ಕೆ, ಕರೆಂಟು ಬಿಲ್ಲಿಗೆ ಗೌರಿಹಬ್ಬದವರೆಗೆ ಕಾಯುವ ತಾಳ್ಮೆ ಇಲ್ಲ. ಹಾಗಾಗಿ ಯಂತ್ರ ಅಂಗಡಿಗೆ ಹೋಗುತ್ತದೆ.

ಅಂಗಡಿಗೆ ಹೋಗಬಾರದೆಂದು ನಾನು ಹೇಳುತ್ತಿಲ್ಲ. ಹೋಗುವ ಮುಂಚೆ ಮನೆಯಲ್ಲೇ ಮಾಡಬಹುದಾದ ಒಂದು ಕೆಲಸವಿದೆ. ಅದಕ್ಕೆ ಕಾಸು ಖರ್ಚಿಲ್ಲ, ಓದು ಬೇಡ, ಸ್ಕ್ರೂಡ್ರೈವರ್ ಬೇಡ. ಅದನ್ನು ಹೇಳುವುದಕ್ಕೆ ಮೊದಲು ಯಂತ್ರ ಏಳುವಾಗ ಒಳಗೆ ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ನೋಡೋಣ. ಏನು ನಡೆಯುತ್ತಿದೆಯೆಂದು ತಿಳಿದರೆ ಅರ್ಧ ಭಯ ಅಲ್ಲೇ ಕಳೆಯುತ್ತದೆ.

ಗುಂಡಿ ಒತ್ತಿದ ಕೂಡಲೇ ಲ್ಯಾಪ್‌ಟಾಪು ಮಾಡುವ ಮೊದಲ ಕೆಲಸ ನಾವು ಮೇಷ್ಟರುಗಳು ತರಗತಿಗೆ ಹೋದ ತಕ್ಷಣ ಮಾಡುವಂಥದೇ. ಅದು ಹಾಜರಿ ಕರೆಯುತ್ತದೆ. ಮೆಮೊರಿ ಬಂದಿದೆಯಾ, ತೆರೆ ಬಂದಿದೆಯಾ, ಕೀಲಿಮಣೆ ಬಂದಿದೆಯಾ, ಡಿಸ್ಕು ಬಂದಿದೆಯಾ? ಈ ಹಾಜರಿಗೆ 'ಪವರ್ ಆನ್ ಸೆಲ್ಫ್ ಟೆಸ್ಟ್' ಎಂದು ಹೆಸರು. ಹಾಜರಿ ಕರೆಯಲು ಮದರ್‌ಬೋರ್ಡಿನ ಮೇಲೆಯೇ ಒಂದು ಪುಟ್ಟ ಚಿಪ್ಪಿನಲ್ಲಿ ಬರೆದಿಟ್ಟ ತಂತ್ರಾಂಶವಿದೆ. ಹಳೆಯ ಯಂತ್ರಗಳಲ್ಲಿ ಅದು ಬಯಾಸ್, ಈಗಿನವುಗಳಲ್ಲಿ ಯುಇಎಫ್ಐ. ಕಿಂಡಿಗೆ ಸಿಕ್ಕಿಸಿದ ಪೆನ್‌ಡ್ರೈವು, ಪ್ರಿಂಟರು, ಹಬ್ಬು ಎಲ್ಲರ ಹೆಸರನ್ನೂ ಅದು ಕರೆಯುತ್ತದೆ. ಎಲ್ಲರೂ 'ಪ್ರೆಸೆಂಟ್ ಮಿಸ್' ಎಂದರೆ ಸರಿ. ಕೊನೇ ಬೆಂಚಿನಲ್ಲಿ ಕೂತವನೊಬ್ಬ ಉತ್ತರಿಸದೆ, ಇಲ್ಲವೆಂದೂ ಹೇಳದೆ ಗೊಣಗುತ್ತ ಕೂತರೆ ಕೆಲವು ಯಂತ್ರಗಳು ಅವನನ್ನು ಬಿಟ್ಟು ಮುಂದೆ ಹೋಗುತ್ತವೆ, ಕೆಲವು ಅಲ್ಲೇ ನಿಂತುಬಿಡುತ್ತವೆ. ಕಂಪನಿಯ ಹೆಸರು ಮೂಡಿ ಅಲ್ಲೇ ನಿಂತಿತು ಎನ್ನುತ್ತೇವಲ್ಲ, ಹೆಚ್ಚಿನ ಸಲ ಅದು ಈ ಹಾಜರಿಯ ಹೊತ್ತು.

ಹಾಜರಿ ಮುಗಿದ ಮೇಲೆ ಎರಡನೆಯ ಕೆಲಸ. ಇದು ನಮ್ಮ ಅರಸೀಕೆರೆಯವರಿಗೆ ವಿವರಿಸಿ ಹೇಳಬೇಕಾದ್ದಿಲ್ಲ. ಬೆಂಗಳೂರಿನಿಂದ ತುಮಕೂರು, ತಿಪಟೂರು ದಾಟಿ ಬಂದ ಹಳಿ ನಮ್ಮ ಜಂಕ್ಷನ್ನಿನಲ್ಲಿ ಕವಲಾಗುತ್ತದೆ. ಒಂದು ಕವಲು ಕಡೂರು, ಬೀರೂರು ಹಾದು ಹುಬ್ಬಳ್ಳಿಯ ಕಡೆಗೆ, ಇನ್ನೊಂದು ಹಾಸನದ ಕಡೆಗೆ. ಗಾಡಿ ಎಷ್ಟೇ ಗಟ್ಟಿಯಾಗಿರಲಿ, ಚಾಲಕ ಎಷ್ಟೇ ಜಾಣನಿರಲಿ, ಅದು ಹೋಗುವುದು ಪಾಯಿಂಟು ಯಾವ ಕಡೆಗೆ ಜೋಡಿಸಿದೆಯೋ ಆ ಕಡೆಗೇ. ಲ್ಯಾಪ್‌ಟಾಪಿನ ಒಳಗೂ ಇಂಥ ಒಂದು ಪಾಯಿಂಟು ಇದೆ. ವಿಂಡೋಸನ್ನು ಎಲ್ಲಿ ಹುಡುಕಬೇಕು, ಮೊದಲು ಯಾರ ಬಳಿ, ಆಮೇಲೆ ಯಾರ ಬಳಿ ಎಂಬ ಪಟ್ಟಿ. ಅದಕ್ಕೆ ಬೂಟ್ ಆರ್ಡರ್ ಎನ್ನುತ್ತಾರೆ. ಪಟ್ಟಿಯ ತಲೆಯಲ್ಲಿ ಒಳಗಿನ ಡಿಸ್ಕು ಇದ್ದರೆ ಚಿಂತೆಯಿಲ್ಲ. ಯುಎಸ್‌ಬಿ ಎಂದಿದ್ದರೆ ಅದು ಮೊದಲು ಪೆನ್‌ಡ್ರೈವಿನ ಬಾಗಿಲು ತಟ್ಟುತ್ತದೆ. ಪೆನ್‌ಡ್ರೈವಿನಲ್ಲಿ ಇರುವುದು ಭಜನೆಯೋ ಮದುವೆಯ ಫೋಟೋವೋ. ಅಲ್ಲಿ ವಿಂಡೋಸ್ ಎಲ್ಲಿಂದ ಬರಬೇಕು? ಕೆಲವು ಯಂತ್ರಗಳು ಸುಮ್ಮನೆ ಮುಂದಿನ ಬಾಗಿಲಿಗೆ ಹೋಗುತ್ತವೆ. ಕೆಲವು ಅಲ್ಲೇ ನಿಂತು 'ಸಿಗಲಿಲ್ಲ' ಎಂದು ಕಪ್ಪು ತೆರೆಯ ಮೇಲೆ ಬರೆಯುತ್ತವೆ. ಬರೆದದ್ದು ಸುಳ್ಳಲ್ಲ, ತಾನು ಹುಡುಕಿದ ಕಡೆ ಸಿಗಲಿಲ್ಲವೆಂದು ಅಷ್ಟೇ ಅದರ ಅರ್ಥ. ನಾವು ಅದನ್ನು 'ಎಲ್ಲವೂ ಹೋಯಿತು' ಎಂದು ಓದಿಕೊಳ್ಳುತ್ತೇವೆ.

ಮೂರನೆಯ ಕಾರಣ ವಿದ್ಯುತ್ತಿನದು. ಯುಎಸ್‌ಬಿ ಕಿಂಡಿ ಬರೀ ಮಾತುಕತೆಯ ಕಿಟಕಿಯಲ್ಲ, ಊಟ ಬಡಿಸುವ ಕಿಟಕಿಯೂ ಹೌದು. 5 ವೋಲ್ಟಿನ ವಿದ್ಯುತ್ತನ್ನು ಅದು ಕೊಡುತ್ತದೆ. ಹಳೆಯ ಮಾದರಿಯ ಕಿಂಡಿ 500 ಮಿಲಿ ಆಂಪಿಯರ್, ಒಳಗೆ ನೀಲಿ ನಾಲಿಗೆಯಿರುವ ಮುಂದಿನ ಮಾದರಿಯದು 900 ಮಿಲಿ ಆಂಪಿಯರ್ ಕೊಡಬೇಕೆಂಬುದು ಲೆಕ್ಕ. ಅಂದರೆ ಸುಮಾರು ಎರಡೂವರೆ ವಾಟಿನಿಂದ ನಾಲ್ಕೂವರೆ ವಾಟು. ಹೆಚ್ಚೆಂದರೆ ನಮ್ಮ ಹಜಾರದ 9 ವಾಟಿನ ಎಲ್‌ಇಡಿ ಬಲ್ಬಿನ ಅರ್ಧದಷ್ಟು ಅದು! ಇಷ್ಟು ಚಿಕ್ಕ ಅನ್ನದ ಬಟ್ಟಲಿಗೆ ಹಬ್ಬೊಂದನ್ನು ಸಿಕ್ಕಿಸಿ, ಅದಕ್ಕೆ ಹಾರ್ಡ್ ಡಿಸ್ಕು, ಫೋನು, ಪುಟಾಣಿ ಫ್ಯಾನು ಎಲ್ಲವನ್ನೂ ಕೂರಿಸಿದರೆ ಯಾರಿಗೂ ಹೊಟ್ಟೆ ತುಂಬುವುದಿಲ್ಲ. ಹೊರಗಿನ ಹಾರ್ಡ್ ಡಿಸ್ಕಿನ ತಟ್ಟೆ ತಿರುಗಲು ಶುರುವಾಗುವ ಗಳಿಗೆಯಲ್ಲಂತೂ ಹಸಿವು ಜಾಸ್ತಿ. ಇನ್ನು ಕಿಂಡಿಯ ಒಳಗಿನ ನಾಲಿಗೆ ಮುರಿದೋ ತಗಡು ಬಾಗಿಯೋ ಒಂದಕ್ಕೊಂದು ತಾಗಿದರೆ ಅದು ಶಾರ್ಟ್. ಮನೆಯಲ್ಲಿ ಇಸ್ತ್ರಿಪೆಟ್ಟಿಗೆ ಕೆಟ್ಟಾಗ ಎಂಸಿಬಿ ಬೀಳುವುದಿಲ್ಲವೇ, ಹಾಗೆಯೇ ಕೆಲವು ಲ್ಯಾಪ್‌ಟಾಪುಗಳು ತಮ್ಮನ್ನು ಉಳಿಸಿಕೊಳ್ಳಲು ಹತ್ತುವುದನ್ನೇ ನಿಲ್ಲಿಸುತ್ತವೆ.

ಎಂಸಿಬಿ ಬಿದ್ದಾಗ ನಾವು ಏನು ಮಾಡುತ್ತೇವೆ? ಮನೆಯನ್ನೇ ಕೆಡವುವುದಿಲ್ಲ. ಗೀಸರು, ಮಿಕ್ಸಿ, ಇಸ್ತ್ರಿಪೆಟ್ಟಿಗೆ ಎಲ್ಲದರ ಪ್ಲಗ್ಗು ತೆಗೆದು, ಎಂಸಿಬಿಯನ್ನು ಮೇಲಕ್ಕೆತ್ತಿ, ಒಂದೊಂದನ್ನೇ ಹಾಕಿ ನೋಡುತ್ತೇವೆ. ಯಾವುದನ್ನು ಹಾಕಿದಾಗ ಬೀಳುತ್ತದೋ ಅದೇ ಕಳ್ಳ. ಮಗುವಿಗೆ ಮೈಮೇಲೆ ಗಂಧೆ ಎದ್ದರೆ ಹೊಸದಾಗಿ ಕೊಟ್ಟ ತಿನಿಸನ್ನೆಲ್ಲ ನಿಲ್ಲಿಸಿ ಒಂದೊಂದಾಗಿ ಮತ್ತೆ ಕೊಟ್ಟು ನೋಡುತ್ತೇವೆ. ಈ ವಿದ್ಯೆಯನ್ನು ನಮಗೆ ಯಾರೂ ಹೇಳಿಕೊಟ್ಟಿಲ್ಲ, ಅಡುಗೆಮನೆಯಲ್ಲಿ ತಾನಾಗಿ ಬಂದದ್ದು. ಲ್ಯಾಪ್‌ಟಾಪಿಗೂ ಮದ್ದು ಅದೇ.

ನಮ್ಮ ಎದುರುಮನೆಯಾಕೆಯ ವಿಷಯ ಹೇಳುತ್ತೇನೆ. ಅವರು ನನಗಿಂತ ನಾಲ್ಕು ವರ್ಷ ಹಿರಿಯರು, ನಾನು ಅಕ್ಕ ಎನ್ನುತ್ತೇನೆ, ಅವರು ನನ್ನನ್ನು ಟೀಚರ್ ಎನ್ನುತ್ತಾರೆ. ಯಜಮಾನರು ತೀರಿಕೊಂಡು ಎರಡು ವರ್ಷ. ಅವರು ಬಳಸುತ್ತಿದ್ದ ಲ್ಯಾಪ್‌ಟಾಪನ್ನು ಈಗ ಅಕ್ಕನೇ ಇಟ್ಟುಕೊಂಡಿದ್ದಾರೆ. ಸಂಜೆ ಭಜನೆ ಕೇಳುತ್ತಾರೆ, ಭಾನುವಾರ ಮೊಮ್ಮಗಳ ಮುಖ ನೋಡುತ್ತಾರೆ. ಅಷ್ಟೇ ಆಗಿದ್ದರೆ ಫೋನಿನಲ್ಲೂ ಆಗುತ್ತಿತ್ತು. ಆದರೆ ಅದರೊಳಗೆ ಇನ್ನೊಂದು ವಸ್ತುವಿದೆ. ಯಜಮಾನರು ಕಾಯಿಲೆಯಲ್ಲಿದ್ದಾಗ ದಿನಕ್ಕೆ ಅರ್ಧ ಪುಟದಂತೆ ನುಡಿ ತಂತ್ರಾಂಶದಲ್ಲಿ ಟೈಪು ಮಾಡುತ್ತಿದ್ದರು. ತಮ್ಮ ಬಾಲ್ಯ, ತೆಂಗಿನ ತೋಟ ಹಾಕಿದ ಕಥೆ, ಬರಗಾಲದಲ್ಲಿ ನೀರು ಹೊತ್ತದ್ದು, ಕೊಬ್ಬರಿ ಗಾಡಿಯ ಹಿಂದೆ ಸಂತೆಗೆ ನಡೆದದ್ದು. ಮೊಮ್ಮಗಳು ದೊಡ್ಡವಳಾದ ಮೇಲೆ ಓದಲಿ ಎಂದು. ನಲವತ್ತು ಪುಟದ ಮೇಲಾಗಿತ್ತು. ಬೇರೆಲ್ಲೂ ಅದರ ಪ್ರತಿ ಇರಲಿಲ್ಲ.

ಕಳೆದ ಮಳೆಗಾಲದಲ್ಲಿ ಎರಡು ದಿನ ನಮ್ಮ ಬೀದಿಗೆ ಕರೆಂಟು ಇರಲಿಲ್ಲ. ಮೂರನೆಯ ದಿನ ಬಂದಾಗ ಅಕ್ಕ ಲ್ಯಾಪ್‌ಟಾಪು ಹಾಕಿದರು. ಕಪ್ಪು ತೆರೆ, ಬಿಳಿ ಅಕ್ಷರ. ರಿಪೇರಿಯವರಿಗೆ ತೋರಿಸಿದಾಗ ಅಲ್ಲಿದ್ದ ಹುಡುಗ ಗುಂಡಿಯನ್ನು ಒಮ್ಮೆ ಒತ್ತಿ ನೋಡಿ, "ಡಿಸ್ಕು ಹೋಗಿರಬೇಕು ಅಮ್ಮ, ಫಾರ್ಮ್ಯಾಟ್ ಮಾಡಿ ವಿಂಡೋಸ್ ಹಾಕಬೇಕು, ಒಳಗಿರೋದು ಉಳಿಯುತ್ತೆ ಅಂತ ಹೇಳೋಕಾಗಲ್ಲ" ಎಂದನಂತೆ. ಅವನನ್ನು ಬಯ್ಯಬೇಕೆಂದು ನನಗನ್ನಿಸುವುದಿಲ್ಲ. ಎದುರಿಗೆ ಹತ್ತು ಯಂತ್ರ ಬಾಯಿ ತೆರೆದುಕೊಂಡು ಕೂತಿರುವಾಗ ಯಾರ ಯಂತ್ರದಲ್ಲಿ ಯಾರ ಬಾಲ್ಯವಿದೆಯೆಂದು ಅವನಿಗೇನು ಗೊತ್ತು? ಅಕ್ಕ ಒಂದು ರಾತ್ರಿ ಯೋಚಿಸಿ ಹೇಳುತ್ತೇನೆಂದು ವಾಪಸು ತಂದರು. ಸಂಜೆ ಗೇಟಿನ ಹತ್ತಿರ ನಿಂತು, "ಟೀಚರ್, ಒಸಿ ಬಂದು ನೋಡ್ತೀರಾ? ನಾಳೆ ಅಂಗಡೀಗೆ ಕೊಡಬೇಕು" ಎಂದರು. ಧ್ವನಿ ಎಂದಿನಂತಿರಲಿಲ್ಲ.

ಶಾಲೆಯಲ್ಲಿ ಐದಾರು ವರ್ಷಗಳಿಂದ ಗಣಕಯಂತ್ರದ ಉಸ್ತುವಾರಿ ನನ್ನದು. ಮಕ್ಕಳ ದಾಖಲಾತಿ, ಅಂಕ ಎಲ್ಲವನ್ನೂ ಎಸ್ಎಟಿಎಸ್‌ಗೆ ಏರಿಸಬೇಕಾದ ಕಾಲದಲ್ಲಿ ಯಂತ್ರದ ಮುನಿಸನ್ನು ಕಲಿಯದೆ ವಿಧಿಯಿಲ್ಲ. ಆದ್ದರಿಂದ ತೆರೆಯ ಮೇಲಿನ ಅಕ್ಷರಕ್ಕಿಂತ ಮೊದಲು ನಾನು ನೋಡುವುದು ಯಂತ್ರದ ಪಕ್ಕೆಲುಬುಗಳನ್ನು. ಎಡಗಡೆ ಮೌಸಿನ ಪುಟ್ಟ ತುಂಡು. ಬಲಗಡೆ, ಕುಂಕುಮದ ಭರಣಿಯ ಬಣ್ಣದ ಒಂದು ಪೆನ್‌ಡ್ರೈವು. "ಇದೇನಕ್ಕ?" ಎಂದೆ. "ಭಜನೇದು. ಯುಗಾದಿಯಿಂದ ಅಲ್ಲೇ ಇದೆ, ತೆಗೆದೇ ಇಲ್ಲ" ಎಂದರು. ಯುಗಾದಿಗೆ ಬಂದಿದ್ದ ಅವರ ಅಕ್ಕನ ಮಗ ಹೊಸ ವಿಂಡೋಸ್ ಹಾಕಿಕೊಡಲು ಏನೋ ಬದಲಿಸಿದ್ದನೆಂದೂ ಹೇಳಿದರು. ಅಲ್ಲಿಗೆ ಅರ್ಧ ಕಥೆ ತಿಳಿಯಿತು. ಪೆನ್‌ಡ್ರೈವಿನಿಂದ ವಿಂಡೋಸ್ ಹಾಕುವವರು ಬೂಟ್ ಆರ್ಡರಿನಲ್ಲಿ ಯುಎಸ್‌ಬಿಯನ್ನು ತಲೆಗೆ ತರುವುದುಂಟು. ಕೆಲಸ ಮುಗಿದ ಮೇಲೆ ಅದನ್ನು ಹಿಂದಕ್ಕೆ ತಳ್ಳಲು ಯಾರಿಗೂ ನೆನಪಿರುವುದಿಲ್ಲ.

ಹಾಗಾದರೆ ಯುಗಾದಿಯಿಂದ ಇಷ್ಟು ದಿನ ಹೇಗೆ ನಡೆಯಿತು? ಅಕ್ಕ ಲ್ಯಾಪ್‌ಟಾಪನ್ನು ಎಂದೂ ಆರಿಸುತ್ತಿರಲಿಲ್ಲ, ಕೆಲಸವಾದ ಮೇಲೆ ಮುಚ್ಚಳ ಮುಚ್ಚಿ ಚಾರ್ಜಿಗೆ ಇಡುತ್ತಿದ್ದರು. ಮುಚ್ಚಳ ಮುಚ್ಚಿದರೆ ಅದು ನಿದ್ದೆ, ಮರಣವಲ್ಲ. ತೆರೆದರೆ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಹಾಜರಿಯೂ ಇಲ್ಲ, ಪಾಯಿಂಟೂ ಇಲ್ಲ. ಎರಡು ದಿನ ಕರೆಂಟಿಲ್ಲದೆ ಬ್ಯಾಟರಿ ಪೂರ್ತಿ ಬರಿದಾದಾಗ ಮಾತ್ರ ಅದು ನಿಜವಾಗಿ ಆರಿತು. ಮತ್ತೆ ಹತ್ತಿಸಿದಾಗ, ಯುಗಾದಿಯ ನಂತರ ಮೊದಲ ಸಲ, ಮೊದಲಿನಿಂದ ಏಳಬೇಕಾಯಿತು. ಎದ್ದದ್ದೇ ಭಜನೆಯ ಬಾಗಿಲು ತಟ್ಟಿತು.

"ಅಕ್ಕ, ನೀವೇ ತೆಗೀರಿ" ಎಂದೆ. ಅವರು ಕೈ ಹಿಂದಕ್ಕೆ ಎಳೆದುಕೊಂಡರು. "ಏನಾದ್ರೂ ಆದ್ರೆ?" "ಏನೂ ಆಗಲ್ಲ. ಯಂತ್ರ ಆರಿದೆಯಲ್ಲ." ಮೊದಲು ಗುಂಡಿಯನ್ನು ಹತ್ತು ಸೆಕೆಂಡು ಒತ್ತಿ ಹಿಡಿದು ಪೂರ್ತಿ ಆರಿಸಿದೆವು. ಚಾರ್ಜರ್ ತೆಗೆದೆವು. ಅಕ್ಕ ಪೆನ್‌ಡ್ರೈವನ್ನು ಎಳೆದರು, ಮೌಸಿನ ತುಂಡನ್ನೂ ತೆಗೆದರು. ಪಕ್ಕದ ಸೀಳಿನಲ್ಲಿ ಕ್ಯಾಮೆರಾದ ಕಾರ್ಡೇನಾದರೂ ಇದೆಯೇ ಎಂದು ನೋಡಿದೆವು, ಇರಲಿಲ್ಲ. ಮತ್ತೆ ಗುಂಡಿಯನ್ನು ಅರ್ಧ ನಿಮಿಷ ಒತ್ತಿ ಹಿಡಿದೆವು. ಒಳಗೆ ಉಳಿದ ವಿದ್ಯುತ್ತು ಹರಿದುಹೋಗಲಿ ಎಂದು ಹೀಗೆ ಮಾಡುವುದು ವಾಡಿಕೆ. ಚಾರ್ಜರ್ ಮಾತ್ರ ಹಾಕಿ ಗುಂಡಿ ಒತ್ತಿದರು. ಕಂಪನಿಯ ಹೆಸರು ಬಂತು. ಅಲ್ಲಿಂದ ಮುಂದೆ ಚುಕ್ಕಿಗಳು ಸುತ್ತತೊಡಗಿದವು. ಆಮೇಲೆ ತೆರೆಯ ಮೇಲೆ ಮೊಮ್ಮಗಳ ಫೋಟೋ.

ಅಕ್ಕ ಅಳಲಿಲ್ಲ. ಯಜಮಾನರ ಕಡತವನ್ನು ತೆರೆದು ಕೊನೆಯ ಪುಟದವರೆಗೂ ಇಳಿಸಿ, ಇದೆಯೆಂದು ಖಾತ್ರಿ ಮಾಡಿಕೊಂಡು, ಒಳಗೆ ಹೋಗಿ ಎರಡು ಲೋಟ ಮಜ್ಜಿಗೆ ತಂದರು. ಅವತ್ತೇ ಆ ನಲವತ್ತು ಪುಟ ಇನ್ನೆರಡು ಕಡೆಗೆ ಹೋಯಿತು. ಒಂದು ಮಗಳ ಇಮೇಲಿಗೆ, ಇನ್ನೊಂದು ಬೇರೆ ಪೆನ್‌ಡ್ರೈವಿಗೆ. ಮರುದಿನ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿ ಕಾಗದದ ಮೇಲೂ ತಂದಿಟ್ಟರು. ನಾನು ಹೇಳುವುದು ಇದನ್ನೇ: ಎರಡು ಕಡೆ ಇರದ ವಸ್ತುವನ್ನು ಇದೆಯೆಂದು ನಂಬಿಕೊಂಡು ಕೂರಬಾರದು.

ಎಲ್ಲವನ್ನೂ ಕಳಚಿದರೆ ಎದ್ದಿತು ಎಂಬಲ್ಲಿಗೆ ಕೆಲಸ ಮುಗಿಯುವುದಿಲ್ಲ. ಎದ್ದ ಸಂತೋಷದಲ್ಲಿ ಎಲ್ಲವನ್ನೂ ಒಟ್ಟಿಗೆ ಮತ್ತೆ ಸಿಕ್ಕಿಸಿದರೆ ನಾಳೆ ಮತ್ತೆ ಅದೇ ಪಾಡು, ಕಳ್ಳ ಯಾರೆಂದು ಮಾತ್ರ ತಿಳಿಯುವುದಿಲ್ಲ. ಒಂದನ್ನು ಹಾಕಬೇಕು, ಯಂತ್ರವನ್ನು ರೀಸ್ಟಾರ್ಟ್ ಮಾಡಬೇಕು, ಎದ್ದರೆ ಇನ್ನೊಂದನ್ನು ಹಾಕಬೇಕು. ಇಲ್ಲಿ ಒಂದು ಸೂಕ್ಷ್ಮವಿದೆ. ಈಗಿನ ವಿಂಡೋಸಿನಲ್ಲಿ ಶಟ್‌ಡೌನ್ ಒತ್ತಿದರೂ ಎಷ್ಟೋ ಯಂತ್ರಗಳು ಪೂರ್ತಿ ಆರುವುದಿಲ್ಲ, ಬೇಗ ಏಳಲೆಂದು ಅರೆನಿದ್ದೆಗೆ ಹೋಗುತ್ತವೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಪೂರ್ತಿ ಆರಿ ಹೊಸದಾಗಿ ಏಳುತ್ತವೆ. ಆದ್ದರಿಂದ ಪರೀಕ್ಷೆಗೆ ರೀಸ್ಟಾರ್ಟೇ ಸರಿ.

ಒಂದೊಂದಾಗಿ ಹಾಕುವುದರ ಬೆಲೆಯನ್ನು ನಮ್ಮ ಶಾಲೆಯಲ್ಲಿ ಒಬ್ಬ ಹುಡುಗಿ ತೋರಿಸಿಕೊಟ್ಟಳು. ಅಂಕ ಏರಿಸಲು ಎರಡೇ ದಿನ ಉಳಿದಿತ್ತು, ಶಾಲೆಯ ಲ್ಯಾಪ್‌ಟಾಪು ಕಂಪನಿಯ ಹೆಸರಿನಲ್ಲೇ ನಿಂತಿತು. ಎಲ್ಲ ಕಳಚಿದಾಗ ಎದ್ದಿತು. ನಾನು ಒಂಬತ್ತನೆಯ ತರಗತಿಯ ಆ ಹುಡುಗಿಯನ್ನು ಕರೆದು, "ಈಗ ನೀನು ಹಾಕು, ನಾನು ನೋಡ್ತೀನಿ" ಎಂದೆ. ಅವಳು ಮೊದಲು ಹಲಗೆಯ ಮೇಲೆ ಪಟ್ಟಿ ಬರೆದಳು: ಮೌಸು, ಕೀಲಿಮಣೆ, ಪ್ರಿಂಟರು, ಹಬ್ಬು. ಮೌಸು ಹಾಕಿ ಎಬ್ಬಿಸಿ ಗುರುತು ಹಾಕಿದಳು. ಕೀಲಿಮಣೆ, ಗುರುತು. ಪ್ರಿಂಟರು, ಗುರುತು. ಏನೂ ಸಿಕ್ಕಿಸದ ಬರಿಯ ಹಬ್ಬನ್ನು ಹಾಕಿದಾಗ ನಿಂತಿತು. ಅದನ್ನು ಬೆಳಕಿಗೆ ಹಿಡಿದು ನೋಡಿದರೆ ನಾಲ್ಕು ಕಿಂಡಿಗಳಲ್ಲಿ ಒಂದರ ನಾಲಿಗೆ ಮುರಿದು ಒಳಗಿನ ತಗಡು ಒಂದಕ್ಕೊಂದು ತಾಗಿತ್ತು. "ಮಿಸ್, ಪ್ರಿಂಟರ್ದೇ ತಪ್ಪು ಅಂತ ಎಲ್ಲಾರೂ ಅಂದ್ಕೊಂಡಿದ್ರು" ಎಂದಳು. ದೊಡ್ಡದಾಗಿ ಸದ್ದು ಮಾಡುವವರ ಮೇಲೇ ಎಲ್ಲರಿಗೂ ಅನುಮಾನ. ಕಳ್ಳ ಬೆರಳುದ್ದ ಇದ್ದ. ಹೊಸ ಹಬ್ಬು ಬಂತು, ಅಂಕಗಳು ಹೊತ್ತಿಗೆ ಸರಿಯಾಗಿ ಏರಿದವು. ವಿಜ್ಞಾನದ ಪಾಠದಲ್ಲಿ ಒಂದು ಸಲಕ್ಕೆ ಒಂದನ್ನೇ ಬದಲಿಸಿ ನೋಡಬೇಕೆಂದು ಹೇಳುತ್ತೇವಲ್ಲ, ಆ ತರಗತಿಗೆ ಅದನ್ನು ಮತ್ತೆ ಹೇಳುವ ಅಗತ್ಯ ಬೀಳಲಿಲ್ಲ.

ಇಷ್ಟೆಲ್ಲ ತಾಪತ್ರಯ ತಂದಿಟ್ಟ ಈ ಯುಎಸ್‌ಬಿ ಕಿಂಡಿ ಹುಟ್ಟಿದ್ದು ತಾಪತ್ರಯ ಕಳೆಯಲೆಂದೇ. ಅದಕ್ಕೆ ಮುಂಚೆ ಪ್ರಿಂಟರಿಗೆ 25 ಸೂಜಿಗಳ ಅಗಲವಾದ ಕನೆಕ್ಟರು, ಮೌಸಿಗೆ ದುಂಡನೆಯದು, ಮೋಡೆಮ್ಮಿಗೆ ಮತ್ತೊಂದು, ಹೀಗೆ ಒಂದೊಂದಕ್ಕೆ ಒಂದೊಂದು ಬಾಗಿಲು. ಇದನ್ನೆಲ್ಲ ಒಂದೇ ಬಾಗಿಲು ಮಾಡಬೇಕೆಂದು ಹಟ ಹಿಡಿದವರಲ್ಲಿ ಮುಖ್ಯರು ಅಜಯ್ ಭಟ್ ಎಂಬ ಇಂಜಿನಿಯರು. ಗುಜರಾತಿನ ವಡೋದರದಲ್ಲಿ ಓದಿ ಅಮೆರಿಕಕ್ಕೆ ಹೋಗಿ ಇಂಟೆಲ್ ಕಂಪನಿಯಲ್ಲಿದ್ದವರು. ಅವರೇ ಹೇಳಿಕೊಂಡಿರುವಂತೆ, ಮಗಳ ಶಾಲೆಯ ಕಾಗದವೊಂದನ್ನು ಮುದ್ರಿಸಲು ಹೆಂಡತಿ ಪ್ರಿಂಟರಿನೊಡನೆ ಪಟ್ಟ ಪಾಡನ್ನು ನೋಡಿದ್ದೂ ಈ ಯೋಚನೆಗೆ ಒಂದು ಕಾರಣ. ನೋಡಿ, ಅಲ್ಲಿಯೂ ಯಂತ್ರದ ಎದುರು ಕೂತು ಒದ್ದಾಡಿದ್ದು ಒಬ್ಬ ತಾಯಿಯೇ! ಏಳು ಕಂಪನಿಗಳು ಸೇರಿ 1996ರಲ್ಲಿ ಮೊದಲ ಯುಎಸ್‌ಬಿಯ ನಿಯಮಗಳನ್ನು ಹೊರತಂದವು. 2000ದಲ್ಲಿ ಎರಡನೆಯದು, 2008ರಲ್ಲಿ ಮೂರನೆಯದು ಬಂತು. ಒಂದು ಯಂತ್ರಕ್ಕೆ ಈ ದಾರಿಯಲ್ಲಿ ಲೆಕ್ಕಪ್ರಕಾರ 127 ಸಾಧನಗಳನ್ನು ಜೋಡಿಸಬಹುದಂತೆ. ಗಾಂಧಾರಿಯ ಮಕ್ಕಳಿಗಿಂತ ಜಾಸ್ತಿ! ಹಳೆಯ ಪ್ಲಗ್ಗನ್ನು ತಲೆಕೆಳಗಾಗಿ ಹಾಕಲಾಗದಂತೆ ಮಾಡಿದ್ದು ಖರ್ಚು ಉಳಿಸಲು. ಎರಡೂ ಕಡೆಯಿಂದ ಹಾಕುವಂತೆ ಮಾಡಿದ್ದರೆ ಒಳಗಿನ ತಂತಿಗಳು ಇಮ್ಮಡಿಯಾಗಬೇಕಿತ್ತು. ಹೇಗೆ ಹಿಡಿದರೂ ಸರಿಹೋಗುವ ಟೈಪ್ ಸಿ ಬಂದದ್ದು 2014ರಲ್ಲಿ. ಅಲ್ಲಿಯವರೆಗೂ ಪ್ಲಗ್ಗನ್ನು ತಿರುಗಿಸಿ ಮತ್ತೆ ತಿರುಗಿಸಿ ಹಾಕುವುದೇ ಜಗತ್ತಿನ ಎಲ್ಲರ ಹಣೆಬರಹವಾಗಿತ್ತು. ಬಲವಂತವಾಗಿ ತುರುಕಿ ನಾಲಿಗೆ ಮುರಿಯುವುದೂ ಹೀಗೆಯೇ.

ಇನ್ನು ಕೆಲವು ಎಚ್ಚರಿಕೆಯ ಮಾತು. ಎಲ್ಲವನ್ನೂ ಕಳಚಿದ ಮೇಲೂ ಏಳದಿದ್ದರೆ ಕಳ್ಳ ಹೊರಗಿಲ್ಲ, ಒಳಗಿದ್ದಾನೆ. ದೀಪವೇ ಹತ್ತದಿದ್ದರೆ ಚಾರ್ಜರೋ ಬ್ಯಾಟರಿಯೋ ಇರಬಹುದು. ಸಣ್ಣಗೆ ಕಟಕಟ ಸದ್ದು ಬಂದರೆ ಒಳಗಿನ ಹಳೆಯ ಮಾದರಿಯ ಡಿಸ್ಕು ಇರಬಹುದು. ಆಗ ಮತ್ತೆ ಮತ್ತೆ ಗುಂಡಿ ಒತ್ತದೆ ಬಲ್ಲವರಿಗೆ ಕೊಡುವುದೇ ಒಳ್ಳೆಯದು. ಕೊಡುವಾಗ ಒಂದೇ ವಾಕ್ಯ ಗಟ್ಟಿಯಾಗಿ ಹೇಳಿ: "ಫಾರ್ಮ್ಯಾಟ್ ಮಾಡೋಕೆ ಮುಂಚೆ ಒಳಗಿರೋದನ್ನ ಬೇರೆ ಡಿಸ್ಕಿಗೆ ತೆಗೆದುಕೊಡಿ, ಆಗದಿದ್ದರೆ ನನ್ನನ್ನ ಕೇಳಿ." ಡಿಸ್ಕು ಸರಿಯಿದ್ದರೆ ಅದನ್ನು ಹೊರತೆಗೆದು ಬೇರೆ ಯಂತ್ರಕ್ಕೆ ಜೋಡಿಸಿ ನಕಲು ಮಾಡಿಕೊಳ್ಳುವುದು ಸಾಮಾನ್ಯವಾಗಿ ಸಾಧ್ಯ. ಕೆಲವು ಹೊಸ ಯಂತ್ರಗಳಲ್ಲಿ ಮಾತ್ರ ಬಿಟ್‌ಲಾಕರ್ ಎಂಬ ಬೀಗವಿರುತ್ತದೆ, ಕೀಲಿಯಿಲ್ಲದೆ ಓದಲಾಗುವುದಿಲ್ಲ.

ಈ ಬೀಗದ ವಿಷಯ ಇನ್ನೂ ಒಂದಿದೆ. ಪೆನ್‌ಡ್ರೈವು ಸಿಕ್ಕಿಸಿಕೊಂಡು ಎದ್ದಾಗ, ಇಲ್ಲವೇ ಬೂಟ್ ಆರ್ಡರ್ ಬದಲಿಸಿದಾಗ, ಕೆಲವೊಮ್ಮೆ ನೀಲಿ ತೆರೆ ಬಂದು 48 ಅಂಕಿಗಳ ಕೀಲಿಯನ್ನು ಕೇಳುತ್ತದೆ. ಗಾಬರಿಯಾಗಬೇಡಿ. ಮೊದಲು ಸಿಕ್ಕಿಸಿದ್ದನ್ನೆಲ್ಲ ತೆಗೆದು ಮತ್ತೆ ಹತ್ತಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ಸರಿಹೋಗುತ್ತದೆ. ಆ ಕೀಲಿ ಸಾಮಾನ್ಯವಾಗಿ ಯಂತ್ರಕ್ಕೆ ಜೋಡಿಸಿದ ಮೈಕ್ರೋಸಾಫ್ಟ್ ಖಾತೆಯಲ್ಲಿರುತ್ತದೆ. ಯಂತ್ರ ಚೆನ್ನಾಗಿರುವಾಗಲೇ ಅದನ್ನು ಒಂದು ಕಾಗದದ ಮೇಲೆ ಬರೆದು ಬ್ಯಾಂಕಿನ ಪಾಸ್‌ಬುಕ್ಕಿನ ಜೊತೆ ಇಡಿ. ಬೂಟ್ ಆರ್ಡರ್ ಸರಿಪಡಿಸಲು ಎಫ್2, ಎಫ್12, ಡಿಲೀಟ್, ಎಸ್ಕೇಪ್ ಹೀಗೆ ಕಂಪನಿಗೊಂದು ಗುಂಡಿ. ಯಾವುದೆಂದು ಹತ್ತುವಾಗ ತೆರೆಯ ಕೆಳಗೆ ಬರೆದಿರುವುದುಂಟು. ಕೀಲಿ ಬರೆದಿಟ್ಟುಕೊಂಡ ಮೇಲೆಯೇ ಆ ಕಡೆ ಹೋಗಿ. ಅಷ್ಟು ಬೇಡವೆನ್ನಿಸಿದರೆ ಇನ್ನೂ ಸುಲಭದ ಉಪಾಯವಿದೆ: ಕೆಲಸ ಮುಗಿದ ಮೇಲೆ ಪೆನ್‌ಡ್ರೈವನ್ನು 'ಇಜೆಕ್ಟ್' ಒತ್ತಿ ಹೊರಗೆ ತೆಗೆದಿಡುವ ಅಭ್ಯಾಸ. ಊಟವಾದ ಮೇಲೆ ತಟ್ಟೆ ಎತ್ತುವುದಿಲ್ಲವೇ, ಹಾಗೆ.

ನನ್ನನ್ನು ಕಾಡುವುದು ಯಂತ್ರಕ್ಕಿಂತ ಆ ಮಾತು, 'ನೀನು ಏನೂ ಮುಟ್ಟಬೇಡ' ಎಂಬುದು. ಹೊಲಿಗೆಯಂತ್ರದ ಸೂಜಿ ಮುರಿದರೆ ನಾವೇ ಬದಲಿಸುತ್ತೇವೆ, ಕುಕ್ಕರಿನ ಗ್ಯಾಸ್ಕೆಟ್ಟು ನಾವೇ ಹಾಕುತ್ತೇವೆ, ಗ್ರೈಂಡರಿನ ಬೆಲ್ಟು ಜಾರಿದರೆ ನಾವೇ ಏರಿಸುತ್ತೇವೆ. ಲ್ಯಾಪ್‌ಟಾಪಿನ ಪಕ್ಕದಿಂದ ಬೆರಳುದ್ದದ ಒಂದು ವಸ್ತುವನ್ನು ಎಳೆದು ತೆಗೆಯಲು ಮಾತ್ರ ಗೌರಿಹಬ್ಬದವರೆಗೆ ಕಾಯುತ್ತೇವೆ. ಯಂತ್ರ ಏಳದಿರುವುದಕ್ಕೆ ಕಾರಣ ಅದಕ್ಕೆ ಜೋತುಬಿದ್ದ ವಸ್ತುಗಳಾದರೆ, ನಮ್ಮ ಕೈ ಏಳದಿರುವುದಕ್ಕೆ ಕಾರಣ ಬೇರೇನೂ ಅಲ್ಲ, ಆ ಮಾತು.

ಅಕ್ಕನ ಮನೆಯ ಲ್ಯಾಪ್‌ಟಾಪಿನ ಪಕ್ಕದ ಗೋಡೆಯ ಮೇಲೆ ಈಗ ಕ್ಯಾಲೆಂಡರಿನ ಹಿಂಬದಿಯ ಕಾಗದದಲ್ಲಿ ಅವರದೇ ಅಕ್ಷರದಲ್ಲಿ ನಾಲ್ಕು ಸಾಲು ಅಂಟಿಸಿದೆ: ಆರಿಸು. ಎಲ್ಲಾ ತೆಗೆ. ಬರಿಯದನ್ನು ಹತ್ತಿಸು. ಒಂದೊಂದಾಗಿ ಹಾಕು. ಹೋದ ತಿಂಗಳು ಹಿಂದಿನ ಬೀದಿಯ ಹುಡುಗಿಯೊಬ್ಬಳು ಪರೀಕ್ಷೆಯ ಅರ್ಜಿ ತುಂಬುವ ದಿನ ಲ್ಯಾಪ್‌ಟಾಪು ಹತ್ತುತ್ತಿಲ್ಲವೆಂದು ಓಡಿಬಂದಳು. ನನ್ನ ಮನೆಗಲ್ಲ, ಅಕ್ಕನ ಮನೆಗೆ. ನಾನು ನಮ್ಮ ಜಗಲಿಯಿಂದಲೇ ಕೇಳಿಸಿಕೊಂಡೆ. ಅಕ್ಕ ಒಳಗಿಂದ ಕೇಳುತ್ತಿದ್ದರು: "ಅದರ ಪಕ್ಕದಲ್ಲಿ ಏನೇನ್ ಸಿಗಿಸಿದೀಯ, ಮೊದ್ಲು ಅದ್ನ ಹೇಳವ್ವ."